ಗೋಡೆ ತರೋಕಾಗ್ಲಿಲ್ಲ, ಅಜ್ಜಿಯನ್ನೇ ಕರ್ಕೊಂಡು ಬಂದೆ

ನಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಗೃಹಪ್ರವೇಶ ಇತ್ತು. ಊಟಕ್ಕೆ ಮೊದಲು ಮನೆ ನೋಡೋಣ ಅಂತ ಒಳಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಬೂದು ಬಣ್ಣದ ಟಿವಿ ಯೂನಿಟ್ಟು, ಫಾಲ್ಸ್ ಸೀಲಿಂಗ್, ಅದರೊಳಗೆ ಎಲ್‌ಇಡಿ ಪಟ್ಟಿ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ, ಸೋಫಾದ ಹಿಂದೆ ಚಿನ್ನದ ಬಣ್ಣದ ಎಲೆಗಳ ಫ್ರೇಮು. ಒಂಬತ್ತನೇ ಮಹಡಿಯ ನಮ್ಮ ಮನೆಯಲ್ಲೂ ಇದೇ. ಫ್ರೇಮಿನಲ್ಲಿ ಎಲೆ ಎಷ್ಟು ಅಂತಲೂ ನನಗೆ ಗೊತ್ತು, ಹನ್ನೊಂದು. ಇಬ್ಬರಿಗೂ ಇಂಟೀರಿಯರ್ ಮಾಡಿದ್ದು ಒಂದೇ ಕಂಪನಿ, ಆರಿಸಿಕೊಂಡಿದ್ದು ಒಂದೇ ಪ್ಯಾಕೇಜು.

ಆ ಪ್ಯಾಕೇಜಿಗೆ ನಾವು ಕಟ್ಟಿದ್ದು ಎಂಟು ಲಕ್ಷ. ಇಪ್ಪತ್ತು ವರ್ಷದ ಹೋಮ್ ಲೋನಿನ ಮೇಲೆ ಇನ್ನೊಂದು ಸಾಲ. ಮನೆಗೆ ಬಂದು ಸೋಫಾದ ಮೇಲೆ ಕೂತು ಸುತ್ತ ನೋಡಿದೆ. ಈ ಹಾಲ್‌ನಲ್ಲಿ ಇರೋದು ನಾವೇ ಅಂತ ಹೇಳೋ ಒಂದೇ ಒಂದು ವಸ್ತು ಚಪ್ಪಲಿ ಸ್ಟ್ಯಾಂಡು.

ಅದೇ ವಾರ ಊರಿಂದ ಚಿಕ್ಕಪ್ಪನ ಫೋನ್ ಬಂತು. "ದೀಪಾವಳಿ ಆದ್ಮೇಲೆ ಹಳೆ ಮನೆ ಕೆಡವ್ತಾ ಇದೀವಿ. ಹೊಸದಕ್ಕೆ ಪ್ಲಾನ್ ಪಾಸಾಗಿದೆ. ಏನಾದ್ರೂ ಬೇಕಾದ್ರೆ ಬಂದು ತಗೊಂಡು ಹೋಗು."

ಹಳೆ ಮನೆ ಅಂದ್ರೆ ಸಾಗರ ತಾಲ್ಲೂಕಿನ ನಮ್ಮ ಅಜ್ಜಿಮನೆ. ಮಣ್ಣಿನ ಗೋಡೆ, ಹಂಚಿನ ಮಾಡು. ನಡುಮನೆಯ ಗೋಡೆ ಮೇಲೆ ಅಜ್ಜಿ ಬರೆದ ಹಸೆ ಚಿತ್ತಾರ. ನಿಜ ಹೇಳ್ತೀನಿ, ಆ ಕ್ಷಣಕ್ಕೆ ನನಗೆ ದುಃಖಕ್ಕಿಂತ ಮೊದಲು ಬಂದ ಯೋಚನೆ, 'ಅಯ್ಯೋ, ಆ ಗೋಡೆ ನನ್ನ ಹಾಲ್‌ನಲ್ಲಿ ಇದ್ದಿದ್ರೆ!' ಅಂತ.

ಆಫೀಸಿಗೆ ಎರಡು ದಿನ ರಜೆ ಹಾಕಿದೆ. ಶನಿವಾರ, ಭಾನುವಾರ ಸೇರಿಸಿ ನಾಲ್ಕು ದಿನ. ಭೂಮಿ ಹುಣ್ಣಿಮೆಯೂ ಅದರಲ್ಲೇ ಬರ್ತಿತ್ತು.

ಜಂಬಗಾರಿನಲ್ಲಿ ಇಳಿದು

ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪ ರೈಲು ಹತ್ತಿದರೆ ಬೆಳಗ್ಗೆ ಸಾಗರ. ಸ್ಟೇಷನ್ ಬೋರ್ಡಿನ ಮೇಲೆ ಇರೋದು ಸಾಗರ ಜಂಬಗಾರು ಅಂತ. ಜೋಗಕ್ಕೆ ಹೋಗೋ ಪ್ರವಾಸಿಗರು ಕೆಲವರು ಇಲ್ಲೇ ಇಳೀತಾರೆ, ಕೆಲವರು ಕೊನೆಯ ಸ್ಟೇಷನ್ ತಾಳಗುಪ್ಪಕ್ಕೆ ಹೋಗ್ತಾರೆ. ನನ್ನ ಜೊತೆ ಇಳಿದ ಹುಡುಗರ ಗುಂಪು 253 ಮೀಟರ್ ಎತ್ತರದಿಂದ ಬೀಳೋ ನೀರಿನ ಬಗ್ಗೆ ಜೋರಾಗಿ ಮಾತಾಡ್ತಾ ಟ್ಯಾಕ್ಸಿ ಹುಡುಕ್ತಿತ್ತು. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ನಾಲ್ಕು ವರ್ಷ ಆಗಿತ್ತು ಈ ಊರಿಗೆ ಬಂದು.

ಸಾಗರ ಪೇಟೆಯಲ್ಲಿ ಗುಡಿಗಾರರ ಕೈಕೆಲಸದ ಅಂಗಡಿಗಳಿವೆ. ಗಂಧದ ಮರದಲ್ಲಿ, ಬೇರೆ ಮರದಲ್ಲಿ ಮೂರ್ತಿ, ಪೆಟ್ಟಿಗೆ ಕೆತ್ತೋದು ಇಲ್ಲಿ ತಲೆಮಾರುಗಳಿಂದ ಬಂದ ಕೆಲಸ. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡ್ಕೊಂಡು ಈ ಅಂಗಡಿಗಳ ಮುಂದೆ ಹಾದು ಹೋಗಿದ್ದೀನಿ. ಆಗ ಒಂದು ಸಲವೂ ಒಳಗೆ ಹೋಗಿರಲಿಲ್ಲ. ಈಗ ಶೋಕೇಸಿನ ಪ್ರತಿ ವಸ್ತು ನೋಡಿದಾಗಲೂ ತಲೆಯಲ್ಲಿ ಲೆಕ್ಕ ಓಡ್ತಿತ್ತು. ಇದು ಟಿವಿ ಪಕ್ಕ ಕೂರುತ್ತಾ? ಅದು ಫೋಯರ್‌ಗೆ ಚಂದ ಕಾಣುತ್ತಾ? ಮನೆ ಕೊಂಡವರಿಗೆ ಬರೋ ಒಂದು ಕಾಯಿಲೆ ಇದು. ಕಣ್ಣಿಗೆ ಬಿದ್ದಿದ್ದೆಲ್ಲ ಡೆಕೋರ್ ಆಗಿ ಕಾಣ್ತದೆ.

ಬಸ್ಸು ಹೊಳೆಬಾಗಿಲು ರಸ್ತೆ ಹಿಡೀತು. ಎರಡೂ ಕಡೆ ಅಡಿಕೆ ತೋಟ, ಮಧ್ಯೆ ಮಧ್ಯೆ ಭತ್ತದ ಗದ್ದೆ. ತೆನೆ ಆಗಷ್ಟೇ ಹಾಲು ತುಂಬಿಕೊಳ್ತಿದ್ದ ಕಾಲ. ಇದೇ ರಸ್ತೆಯ ಕೊನೆಗೆ ಲಾಂಚ್ ಇತ್ತು. ಸಿಗಂದೂರಿಗೆ ಹೋಗೋ ಬಸ್ಸು, ಕಾರು, ಜನ ಎಲ್ಲ ಅದರ ಮೇಲೇ ಹಿನ್ನೀರು ದಾಟಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯ್ತು. ಬಸ್ಸಲ್ಲಿ ಪಕ್ಕ ಕೂತಿದ್ದ ಹೆಂಗಸು, "ಈಗ ಕಣ್ಮುಚ್ಚಿ ತೆಗೆಯೋದ್ರೊಳಗೆ ಆಚೆ ದಡ ಮಾರಾಯ್ತಿ" ಅಂದರು. ಅವರ ದನಿಯಲ್ಲಿದ್ದ ಖುಷಿ ನೋಡಿ, ಲಾಂಚ್ ಹೋಯ್ತಲ್ಲ ಅಂತ ಒಳಗೊಳಗೇ ಬೇಜಾರಾಗಿದ್ದ ನನಗೆ ಸ್ವಲ್ಪ ನಾಚಿಕೆ ಆಯ್ತು. ಅವರಿಗೆ ಅದು ಆಸ್ಪತ್ರೆಗೆ ಹೋಗೋ ದಾರಿ. ನನಗೆ ಫೋಟೋ.

ಅಜ್ಜಿ ಬರೆದ ಗೋಡೆ

ಮನೆ ಮುಂದೆ ಆಗಲೇ ಸಿಮೆಂಟ್ ಇಟ್ಟಿಗೆ ರಾಶಿ ಬಿದ್ದಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಹೆಚ್ಚುತ್ತಿದ್ದಳು. "ಬಂದ್ಯಾ? ದಾರಿ ನೆನಪಿತ್ತಾ?" ಅಂತ ಕೇಳಿ ನಕ್ಕಳು. ಆ ನಗು ಚುಚ್ಚಿತು.

ನಾವು ದೀವರು. ಸಾಗರ, ಸೊರಬದ ಕಡೆ ನಮ್ಮ ಜನರ ಮನೆಗಳಲ್ಲಿ ಹೆಣ್ಣುಮಕ್ಕಳು ಗೋಡೆ ಮೇಲೆ ಚಿತ್ತಾರ ಬರೀತಾರೆ. ಬಣ್ಣಕ್ಕೆ ಅಂಗಡಿಗೆ ಹೋಗೋ ಹಾಗಿಲ್ಲ. ಗೋಡೆಗೆ ಕೆಮ್ಮಣ್ಣು ಸಾರಿಸಿದರೆ ಕೆಂಪು. ನೆನೆಸಿದ ಅಕ್ಕಿ ಅರೆದರೆ ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಗುರಿಗೆ ಬೀಜದಿಂದ ಹಳದಿ. ಪುಂಡಿ ನಾರಿನ ತುದಿ ಜಜ್ಜಿದರೆ ಕುಂಚ. ಇಷ್ಟೇ.

ಮದುವೆಗೆ ಬರೆಯೋದು ಹಸೆ ಚಿತ್ತಾರ. ಗೆರೆಯನ್ನು ನಾವು ಎಳೆ ಅಂತೀವಿ. ಎಳೆ ಮೇಲೆ ಎಳೆ ಸೇರಿಸ್ತಾ ಹೋದರೆ ಒಂದು ದೊಡ್ಡ ಚೌಕ ಆಗುತ್ತೆ. ಅದರೊಳಗೆ ತೇರು, ಬಾಸಿಂಗ, ಏಣಿ, ಭತ್ತದ ಸಸಿ, ಮದುಮಕ್ಕಳನ್ನು ಹೊತ್ತ ದಂಡಿಗೆ. ಬರೆಯೋವಾಗ ಹೆಂಗಸರು ಹಾಡು ಹೇಳ್ತಾರೆ. ಆಮೇಲೆ ಗಂಡು ಹೆಣ್ಣನ್ನು ಆ ಗೋಡೆ ಮುಂದೆ ಹಸೆ ಮೇಲೆ ಕೂರಿಸ್ತಾರೆ.

ಅಜ್ಜಿಯ ಈ ಗೋಡೆ ಕೊನೆಯ ಸಲ ಬರೆದಿದ್ದು ಚಿಕ್ಕಪ್ಪನ ಮದುವೆಗೆ, 1999ರಲ್ಲಿ. ಈಗ ಅರ್ಧ ಮಾಸಿದೆ. ತೇರಿನ ನೆತ್ತಿ ಮೇಲೆ ಸ್ವಿಚ್ ಬೋರ್ಡ್ ಬಂದಿದೆ. ದಂಡಿಗೆ ಮೇಲೆ ಕ್ಯಾಲೆಂಡರಿನ ಮೊಳೆ. ಕೆಳಗಿನ ಎರಡು ಅಡಿ ಗೆದ್ದಲು ತಿಂದಿದೆ. ಆದರೂ ಬೆಳಗಿನ ಬೆಳಕು ಬಿದ್ದಾಗ ಬಿಳಿ ಎಳೆಗಳು ಎದ್ದು ಕಾಣ್ತಿದ್ದವು. ಒಂದಕ್ಕೊಂದು ಅಂಟದೆ, ಒಂದೇ ಅಂತರದಲ್ಲಿ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ. ಲ್ಯಾಪ್‌ಟಾಪಿನಲ್ಲಿ ಗ್ರಿಡ್ ಹಾಕದೆ ಎರಡು ಡಬ್ಬ ಸಾಲಾಗಿ ಇಡಲಿಕ್ಕೆ ಬರದ ನಾನು ಬಾಯಿ ಬಿಟ್ಕೊಂಡು ನಿಂತಿದ್ದೆ.

"ಚಿಕ್ಕಪ್ಪ, ಈ ಗೋಡೆ ಒಂದನ್ನ ಉಳಿಸ್ಕೊಳ್ಳೋಕೆ ಆಗಲ್ವಾ?" ಅಂತ ಕೇಳಿದೆ.

ಅವರು ನನ್ನ ಕೈ ಹಿಡಿದು ಹಿಂದಿನ ಕೋಣೆಗೆ ಕರ್ಕೊಂಡು ಹೋದರು. ಮಾಡಿನ ಪಕಾಸು ಕುಂಬಾಗಿತ್ತು. ಗೋಡೆ ಹೊರಕ್ಕೆ ವಾಲಿತ್ತು. ನೆಲದಲ್ಲಿ ಮೂರು ಬಕೆಟ್ ಸಾಲಾಗಿ ಇದ್ದವು. "ಜೂನ್‌ನಲ್ಲಿ ಬಾ. ಈ ಬಕೆಟ್ ರಾತ್ರಿಗೆ ಎಷ್ಟು ಸಲ ಚೆಲ್ಬೇಕು ಅಂತ ಎಣಿಸು. ನಿಂಗೆ ಫೋಟೋಕ್ಕೆ ಚಂದ ಪುಟ್ಟಿ. ನಿನ್ನ ಚಿಕ್ಕಮ್ಮ ಇಲ್ಲಿ ಅಡುಗೆ ಮಾಡ್ಬೇಕು" ಅಂದರು. ನನಗೆ ಉತ್ತರ ಇರಲಿಲ್ಲ.

ಆಶ್ಚರ್ಯ ಅಂದ್ರೆ, ಅಜ್ಜಿಗೆ ಗೋಡೆ ಹೋಗೋದರ ಬಗ್ಗೆ ನನ್ನಷ್ಟು ಸಂಕಟ ಇರಲಿಲ್ಲ. ಸಂಜೆ ಜಗಲಿ ಮೇಲೆ ಕೂತಾಗ ಯಾಕೆ ಅಂತ ಕೇಳಿದೆ.

"ಇದು ಎರಡನೇದು. ಮೊದಲನೇ ಗೋಡೆ ನೀರಿನ ಅಡಿಗದೆ" ಅಂದಳು.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಹಿನ್ನೀರು ಏರಿದಾಗ ಹಳ್ಳಿ ಹಳ್ಳಿಗಳೇ ಎದ್ದು ಬಂದವು. ನಮ್ಮ ಕಡೆ ಅದಕ್ಕೆ ಮುಳುಗಡೆ ಅಂತಲೇ ಹೆಸರು. ಈಗಲೂ ಬೇಸಿಗೆಯಲ್ಲಿ ನೀರು ಇಳಿದರೆ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆ ಕಾಣ್ತವೆ. ಹಳೇ ಹಿರೇಭಾಸ್ಕರ ಅಣೆಕಟ್ಟೂ ತಲೆ ಎತ್ತುತ್ತೆ. ಇದೆಲ್ಲ ಶಾಲೆಯಲ್ಲಿ ಓದಿದ್ದೆ, ಟ್ರಿಪ್‌ನಲ್ಲಿ ನೋಡಿದ್ದೆ. ಅಜ್ಜಿ ಆಗ ಹೊಸ ಮದುವಣಗಿತ್ತಿ ಅನ್ನೋದು ಮಾತ್ರ ಲೆಕ್ಕ ಹಾಕಿರಲಿಲ್ಲ. ಅವಳ ಮದುವೆಗೆ ಅವಳ ಅತ್ತೆ ಬರೆದ ಹಸೆ ಗೋಡೆಯ ಮೇಲೆ ಇನ್ನೂ ಬಣ್ಣ ಮಾಸಿರಲಿಲ್ಲವಂತೆ.

"ಬಾಗಿಲು ಕಿತ್ಕೊಂಡು ಬಂದ್ವಿ. ಕಂಬ ತಂದ್ವಿ, ಹಂಚು ತಂದ್ವಿ. ಗೋಡೆ ತರಕ್ಕಾಗ್ತದಾ? ಇಲ್ಲಿ ಬಂದು ಹೊಸ ಗೋಡೆ ಕಟ್ಟಿ ಸಾರಿಸಿದ ಮೇಲೆ ಅತ್ತೆ ನನ್ನ ಕೈಗೆ ಕುಂಚ ಕೊಟ್ಲು. ಅದನ್ನ ನೀರು ತಗೊಂಡು ಹೋತು. ಇದನ್ನ ಜೆಸಿಬಿ ತಗೊಂಡು ಹೋಗ್ತದೆ. ಅಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ನೋಡದೇ ಇನ್ನೊಂದು ಮಾತು ಹೇಳಿದಳು. "ನಿನ್ನ ಮದುವೆಗೆ ಬರೀಲಿಲ್ಲ. ಅದೊಂದು ಉಳೀತು."

ನೆನಪಾಯ್ತು. ಎರಡು ವರ್ಷದ ಹಿಂದೆ ಶಿವಮೊಗ್ಗದ ಛತ್ರದಲ್ಲಿ ನನ್ನ ಮದುವೆ. ಅಜ್ಜಿ ಫೋನ್ ಮಾಡಿ, "ಹಸೆ ಎಲ್ಲಿ ಬರೆಯೋದು?" ಅಂತ ಕೇಳಿದ್ದಳು. ಸ್ಟ್ಯಾಂಡಪ್ ಮೀಟಿಂಗ್ ಮಧ್ಯೆ ಇದ್ದ ನಾನು, "ಅಜ್ಜಿ, ಛತ್ರದವರು ಗೋಡೆ ಮುಟ್ಟೋಕೆ ಬಿಡಲ್ಲ, ಹೂವಿನ ಡೆಕೋರೇಷನ್‌ಗೆ ಹೇಳಿ ಆಗಿದೆ" ಅಂತ ಫೋನ್ ಇಟ್ಟಿದ್ದೆ. ಆ ಹೂವಿನ ಗೋಡೆಗೆ ನಲವತ್ತು ಸಾವಿರ ಕೊಟ್ಟಿದ್ವಿ. ಸಂಜೆ ಹೊತ್ತಿಗೆ ಬಾಡಿತ್ತು.

ಬುಟ್ಟಿ ಶೋಪೀಸ್ ಅಲ್ಲ

ಗೋಡೆ ಆಗದಿದ್ದರೆ ಬುಟ್ಟಿಯಾದರೂ ಇರಲಿ ಅಂತ ನನ್ನ ಪ್ಲಾನ್ ಬಿ. ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಭೂಮಣ್ಣಿ ಬುಟ್ಟಿ ಬರೀತಾರೆ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚಿತ್ತಾರ. ಚಿಕ್ಕಮ್ಮ ಬರೆದ ಈ ವರ್ಷದ ಬುಟ್ಟಿ ದೇವರ ಮುಂದೆ ಇತ್ತು. ನೋಡಿದ ಕೂಡಲೇ ನಮ್ಮ ಡೈನಿಂಗ್ ಟೇಬಲ್ ಪಕ್ಕದ ಖಾಲಿ ಗೋಡೆ ಕಣ್ಮುಂದೆ ಬಂತು.

"ಅಜ್ಜಿ, ಇದನ್ನ ನಾನು ತಗೊಂಡು ಹೋಗ್ಲಾ? ಗೋಡೆಗೆ ಹಾಕ್ತೀನಿ."

"ಬುಟ್ಟಿನ ಗೋಡೆಗೆ ಯಾಕೆ ನೇತಾಕ್ತೀಯೆ? ಒಳಗೆ ಎಂತ ಇಡ್ತೀ?"

"ಏನೂ ಇಡಲ್ಲ. ಚಂದಕ್ಕೆ."

ಅಜ್ಜಿ ಚಿಕ್ಕಮ್ಮನ ಮುಖ ನೋಡಿದಳು. ಇಬ್ಬರೂ ಏನೂ ಹೇಳಲಿಲ್ಲ. "ಇವತ್ತು ರಾತ್ರಿ ಮಲಗಬೇಡ" ಅಂತ ಮಾತ್ರ ಅಂದಳು.

ಆ ರಾತ್ರಿ ಅಡುಗೆ ಮನೆಯಲ್ಲಿ ಬೆಳಗಿನ ತನಕ ಒಲೆ ಆರಲಿಲ್ಲ. ಬಗೆಬಗೆಯ ಸೊಪ್ಪು, ತರಕಾರಿ ಹಾಕಿ ಚರಗ ಬೇಯ್ತಾ ಇತ್ತು. ಜೊತೆಗೆ ಕಡುಬು, ಪಾಯಸ. ನನಗೆ ಸಿಕ್ಕ ಕೆಲಸ ಸೊಪ್ಪು ಸೋಸೋದು. ಬೆಳಕು ಹರಿಯೋ ಮುಂಚೆ ಚಿಕ್ಕಪ್ಪ ಆ ಬುಟ್ಟಿಯನ್ನು ತಲೆ ಮೇಲೆ ಹೊತ್ತರು. ಟಾರ್ಚ್ ಬೆಳಕಲ್ಲಿ ಗದ್ದೆ ಅಂಚಿನ ಮೇಲೆ ಸಾಲಾಗಿ ಹೋದ್ವಿ. ಇಬ್ಬನಿಗೆ ಪ್ಯಾಂಟ್ ಮೊಣಕಾಲಿನ ತನಕ ಒದ್ದೆ. ಭತ್ತ ಈಗ ಬಸುರಿ, ಇದು ಅವಳ ಬಯಕೆ ಊಟ. ಪೂಜೆ ಆದಮೇಲೆ ಚಿಕ್ಕಪ್ಪ ಕೂಗ್ತಾ ಗದ್ದೆ ತುಂಬ ಚರಗ ಬೀರಿದರು. ಆಚೆ ಗದ್ದೆಯಿಂದ ಇನ್ನೊಬ್ಬರ ಕೂಗು, ಅದರಾಚೆಯಿಂದ ಮತ್ತೊಬ್ಬರದು. ಕತ್ತಲಲ್ಲಿ ಮುಖ ಕಾಣ್ತಿರಲಿಲ್ಲ, ದನಿ ಮಾತ್ರ. ಆಮೇಲೆ ಅಲ್ಲೇ ಗದ್ದೆ ಪಕ್ಕದಲ್ಲಿ ಎಲೆ ಹಾಕಿ ಕೂತು ಉಂಡ್ವಿ.

ವಾಪಸ್ ಬಂದಮೇಲೆ ಬುಟ್ಟಿ ನೋಡಿದೆ. ಒಂದು ಕಡೆ ಪಾಯಸ ಚೆಲ್ಲಿ ಚಿತ್ತಾರ ಅಳಿಸಿತ್ತು. ಅಂಚಿಗೆ ಕೆಸರು. ನನಗೆ ಅಯ್ಯೋ ಅನ್ನಿಸಿತು. ಚಿಕ್ಕಮ್ಮ ಏನೂ ಆಗಿಲ್ಲ ಅನ್ನೋ ಹಾಗೆ ಅದನ್ನು ಎತ್ತಿ ಮೂಲೆಗಿಟ್ಟರು. ಮುಂದಿನ ವರ್ಷ ಮತ್ತೆ ಸಾರಿಸಿ, ಮತ್ತೆ ಬರೆಯೋದು. ಉಳಿಸ್ಕೊಳ್ಳೋಕೆ ಅಂತ ಅವರು ಯಾವತ್ತೂ ಬರೆದವರೇ ಅಲ್ಲ. ಬುಟ್ಟಿ ಕೇಳೋಕೆ ನನಗೆ ಮತ್ತೆ ಬಾಯಿ ಬರಲಿಲ್ಲ.

ಹೆಗ್ಗೋಡಿನ ಒಂದು ಮಧ್ಯಾಹ್ನ

ಮರುದಿನ ಚಿಕ್ಕಪ್ಪನ ಸ್ಕೂಟರ್ ತಗೊಂಡು ಹೆಗ್ಗೋಡಿಗೆ ಹೋದೆ. ಕೆ.ವಿ. ಸುಬ್ಬಣ್ಣನವರು ಮತ್ತು ಗೆಳೆಯರು 1949ರಲ್ಲಿ ಶುರು ಮಾಡಿದ ನೀನಾಸಂ ಇರೋ ಊರು. ಸಣ್ಣ ಹಳ್ಳಿ. ಆದರೆ ನಾಟಕ ನೋಡೋಕೆ ದೂರದೂರದಿಂದ ಜನ ಬರ್ತಾರೆ. ಅಲ್ಲೇ ಹತ್ತಿರ ಭೀಮನಕೋಣೆಯಲ್ಲಿ ಚರಕ ಇದೆ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ, ಹಳ್ಳಿಯ ಹೆಣ್ಣುಮಕ್ಕಳೇ ನಡೆಸೋ ಕೈಮಗ್ಗದ ಸಹಕಾರ ಸಂಘ. ಬಟ್ಟೆಗೆ ಹಾಕೋದು ನೈಸರ್ಗಿಕ ಬಣ್ಣ. ಅದರಲ್ಲಿ ಅಡಿಕೆ ಚೊಗರಿನ ಕಂದು ಬಣ್ಣ ನೋಡಿ ನಾನು ಅಲ್ಲೇ ಕೂತೆ. ಅಡಿಕೆ ಬೇಯಿಸಿದ ನೀರಿನ ಬಣ್ಣ ಅದು. ಚಿಕ್ಕಂದಿನಲ್ಲಿ ಬಿಳಿ ಫ್ರಾಕಿಗೆ ಚೊಗರು ತಾಗಿಸ್ಕೊಂಡು ಅಮ್ಮನ ಹತ್ರ ಏಟು ತಿಂದಿದ್ದೆ. ಎಷ್ಟು ಒಗೆದರೂ ಹೋಗದ ಆ ಕಲೆಯೇ ಇಲ್ಲಿ ಬಣ್ಣ.

ಅದೇ ಬಣ್ಣದ ಬಟ್ಟೆ ತಗೊಂಡೆ, ಹಾಲ್‌ನ ಕಿಟಕಿ ಪರದೆಗೆ. ಈ ಪ್ರವಾಸದಲ್ಲಿ ನಾನು ದುಡ್ಡು ಕೊಟ್ಟು ಕೊಂಡಿದ್ದು ಅದೊಂದೇ. ಅಮ್ಮ ಮನೆಗೆ ಬಂದಾಗ ಪರದೆ ಮುಟ್ಟಿ ನೋಡಿ, "ಇದು ಚೊಗರಲ್ವೇನೇ?" ಅಂತ ನಕ್ಕಿದ್ದಕ್ಕೆ ನಾನು ಕೊಟ್ಟ ದುಡ್ಡು ವಸೂಲಾಯ್ತು.

ಸ್ಕೂಟರ್ ವಾಪಸ್ ತರೋವಾಗ ದಾರಿಯಲ್ಲೇ ತೀರ್ಮಾನ ಮಾಡಿದೆ. ಬಂದವಳೇ ಅಜ್ಜಿಗೆ ಹೇಳಿದೆ. "ದೀಪಾವಳಿ ಆದ್ಮೇಲೆ ಮನೆ ಕೆಡವೋ ಹೊತ್ತಿಗೆ ನೀನು ಬೆಂಗಳೂರಿಗೆ ಬಾ. ನಮ್ಮನೇಲಿ ಹಸೆ ಬರಿ."

ಅಜ್ಜಿ ತನ್ನ ಬಲಗೈ ಮುಂದೆ ಚಾಚಿದಳು. ಬೆರಳು ನಡುಗ್ತಿತ್ತು. "ಈ ಕೈಲಿ ಎಳೆ ನಿಲ್ತದಾ?"

"ನೀನು ಹೇಳು, ನಾನು ಬರೀತೀನಿ."

"ನೀನಾ?" ಅಂದಳು. ಆ ಒಂದು ಪದದಲ್ಲಿ ಎಷ್ಟು ಅನುಮಾನ ಇತ್ತು ಅಂದ್ರೆ, ಚಿಕ್ಕಮ್ಮ ಒಳಗಿಂದ ಜೋರಾಗಿ ನಕ್ಕರು.

ಒಂಬತ್ತನೇ ಮಹಡಿಯಲ್ಲಿ ಕೆಮ್ಮಣ್ಣು

ನವೆಂಬರಿನಲ್ಲಿ ಅಜ್ಜಿ, ಚಿಕ್ಕಮ್ಮ ಬಂದರು. ಅಜ್ಜಿಯ ಚೀಲದಲ್ಲಿ ಎರಡು ಸೀರೆ, ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಗುರಿಗೆ ಬೀಜ, ಒಂದು ಕಟ್ಟು ಪುಂಡಿ ನಾರು, ಭತ್ತದ ತೆನೆಯಲ್ಲಿ ಹೆಣೆದ ತೋರಣ. ಚಿಕ್ಕಮ್ಮನ ಚೀಲದಲ್ಲಿ ಹತ್ತು ಕೆಜಿ ಕೆಮ್ಮಣ್ಣು. ಅದರಲ್ಲಿ ಸ್ವಲ್ಪ ಕೆಡವಿದ ಹಸೆ ಗೋಡೆಯ ಮಣ್ಣು ಕುಟ್ಟಿ ಸೇರಿಸಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.

ಚಿನ್ನದ ಎಲೆಗಳ ಫ್ರೇಮ್ ಇಳಿಸಿದ್ವಿ. ನೇರ ಗೋಡೆಗೇ ಕೆಮ್ಮಣ್ಣು ಬಳಿದ್ವಿ. ರಾತ್ರಿ ನೋಡೋಕೆ ಅದ್ಭುತವಾಗಿತ್ತು. ಬೆಳಗ್ಗೆ ಎದ್ದರೆ ಅರ್ಧ ಮಣ್ಣು ಪುಡಿಯಾಗಿ ಸೋಫಾ ಮೇಲೆ! ಕಾರಣ ಸರಳ. ಮಣ್ಣಿನ ಗೋಡೆ ನೀರು ಹೀರುತ್ತೆ, ಅದರ ಜೊತೆ ಬಣ್ಣವೂ ಒಳಗೆ ಹಿಡಿಯುತ್ತೆ. ನಮ್ಮ ಗೋಡೆ ಮೇಲಿರೋ ಅಕ್ರಿಲಿಕ್ ಎಮಲ್ಷನ್ ಒಣಗಿದ ಮೇಲೆ ಪ್ಲಾಸ್ಟಿಕ್ ಪದರ ಇದ್ದ ಹಾಗೆ. ಮಣ್ಣಿಗೆ ಅಲ್ಲಿ ಹಿಡ್ಕೊಳ್ಳೋಕೆ ಜಾಗವೇ ಇಲ್ಲ. ಎಂಜಿನಿಯರಿಂಗ್ ಓದಿದವಳು ನಾನು, ಇದನ್ನು ಮೊದಲೇ ಯೋಚಿಸಬೇಕಿತ್ತು. ಅಜ್ಜಿ ಗೋಡೆ ಮೇಲೆ ಉಗುರಿಂದ ಗೀಚಿ, "ಇದು ಉಸಿರಾಡಲ್ಲ" ಅಂದಳು. ನನ್ನ ಇಡೀ ವಿವರಣೆ ಎರಡು ಪದದಲ್ಲಿ ಮುಗೀತು.

ಆಮೇಲೆ ದಾರಿ ಹುಡುಕಿದ್ವಿ. ಎಂಟಡಿ ನಾಲ್ಕಡಿ ಪ್ಲೈವುಡ್ ಹಾಳೆ ತಂದು ಆರಡಿಗೆ ಕತ್ತರಿಸಿದ್ವಿ. ಅದರ ಮೇಲೆ ಮೈದಾ ಅಂಟಿನಿಂದ ಅಜ್ಜನ ಹಳೇ ಹತ್ತಿ ಪಂಚೆ ಅಂಟಿಸಿದ್ವಿ. ಕೆಮ್ಮಣ್ಣಿಗೆ ನಾನು ಸ್ವಲ್ಪ ಫೆವಿಕಾಲ್ ಸೇರಿಸಿದೆ. ಅಜ್ಜಿ ಮೂಸಿ ನೋಡಿ ಮುಖ ಸಿಂಡರಿಸಿದರೂ ಬೇಡ ಅನ್ನಲಿಲ್ಲ. ಮೂರು ಕೋಟ್ ಆದಮೇಲೆ ಮಣ್ಣು ನಿಂತಿತು.

ಮೊದಲ ಎಳೆ ಚಿಕ್ಕಮ್ಮ ಎಳೆದರು. ಎರಡನೇದು ನನ್ನದು. ಉಸಿರು ಬಿಗಿ ಹಿಡಿದು ಎಳೆದರೂ ಮಧ್ಯದಲ್ಲಿ ಡೊಂಕಾಯ್ತು. ಕಣ್ಣು ತನ್ನಷ್ಟಕ್ಕೆ ಎಡಗೈ ಕಡೆ ಹೋಯ್ತು, ಕಂಟ್ರೋಲ್ ಝಡ್ ಹುಡುಕ್ಕೊಂಡು. ಒದ್ದೆ ಬಟ್ಟೆಯಿಂದ ಒರೆಸೋಕೆ ಹೋದೆ.

"ಒರೆಸಬೇಡ. ಪಕ್ಕದ ಎಳೆಯನ್ನ ಅದಕ್ಕೆ ಹೊಂದಿಸಿ ಬರಿ" ಅಂದಳು ಅಜ್ಜಿ.

ಹಾಗೇ ಮಾಡಿದೆ. ಹತ್ತು ಎಳೆ ಆಗೋ ಹೊತ್ತಿಗೆ ಡೊಂಕು ಎಲ್ಲಿತ್ತು ಅಂತ ಹುಡುಕಬೇಕಾಯ್ತು. ಮೂರು ದಿನ ಹಿಡೀತು. ಹಗಲು ಚಿಕ್ಕಮ್ಮ ಬರೀತಿದ್ರು. ರಾತ್ರಿ ಆಫೀಸ್ ಕಾಲ್ ಮುಗಿಸಿ ನಾನು ಕೂರ್ತಿದ್ದೆ. ದಾವಣಗೆರೆಯ ನನ್ನ ಗಂಡನಿಗೆ ಕಪ್ಪು ಅಕ್ಕಿ ಹುರಿಯೋ ಕೆಲಸ. ಮೊದಲ ದಿನವೇ ಸ್ಮೋಕ್ ಅಲಾರ್ಮ್ ಹೊಡ್ಕೊಂಡು ಸೆಕ್ಯುರಿಟಿಯವರು ಓಡಿ ಬಂದರು. ಅಜ್ಜಿ ಕುರ್ಚಿ ಮೇಲೆ ಕೂತು ಹಾಡು ಹೇಳ್ತಿದ್ದಳು. ಹಾಡಿನ ಮಧ್ಯೆ ನಿಲ್ಲಿಸಿ "ಏಣಿಗೆ ಒಂದು ಮೆಟ್ಟಿಲು ಕಮ್ಮಿ" ಅಂತ ಎಣಿಸಿ ಹೇಳಿ, ಮತ್ತೆ ಅದೇ ಜಾಗದಿಂದ ಹಾಡು ಮುಂದುವರಿಸ್ತಿದ್ದಳು.

ದಂಡಿಗೆಯೊಳಗಿನ ಹೆಣ್ಣು, ಗಂಡು ಎರಡು ಮಾತ್ರ ಅಜ್ಜಿಯೇ ಬರೆದಳು. ನಡುಗೋ ಬಲಗೈಯನ್ನ ಎಡಗೈಯಲ್ಲಿ ಹಿಡ್ಕೊಂಡು. ನಾವ್ಯಾರೂ ಮಾತಾಡಲಿಲ್ಲ.

ಮುಗಿದ ಸಂಜೆ ಅದನ್ನು ಗೋಡೆಗೆ ನಿಲ್ಲಿಸಿ, ಮುಂದೆ ಚಾಪೆ ಹಾಸಿದಳು. "ಇಬ್ಬರೂ ಕೂತ್ಕೊಳ್ಳಿ" ಅಂದಳು. ನಾನು ನೈಟ್ ಪ್ಯಾಂಟ್‌ನಲ್ಲಿದ್ದೆ, ಗಂಡನ ಟೀ ಶರ್ಟ್ ತುಂಬ ಮಸಿ. ಬಟ್ಟೆ ಬದಲಾಯಿಸಿ ಬರ್ತೀವಿ ಅಂದರೂ ಬಿಡಲಿಲ್ಲ. ಕುಂಕುಮ ಇಟ್ಟು, ಅಕ್ಷತೆ ಹಾಕಿ, "ಹಾಂ, ಈಗ ಆತು" ಅಂದಳು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಆರುನೂರು ಫೋಟೋ ಇವೆ. ಈ ಸಂಜೆಯದು ಒಂದೂ ಇಲ್ಲ. ಯಾರಿಗೂ ಫೋನ್ ತೆಗೆಯೋದು ನೆನಪಾಗಲಿಲ್ಲ.

ನಿಮ್ಮ ಮನೆಗೆ

ಆಗಾಗ ಗೆಳತಿಯರು ಕೇಳ್ತಾರೆ, ಮನೆಗೆ 'ಕ್ಯಾರೆಕ್ಟರ್' ಬರೋಕೆ ಏನು ಮಾಡ್ಬೇಕು ಅಂತ. ನಾನು ಡಿಸೈನರ್ ಅಲ್ಲ, ತಪ್ಪು ಮಾಡಿ ಕಲಿತಿದ್ದು ನಾಲ್ಕು ಮಾತು ಹೇಳಬಲ್ಲೆ.

ಮನೆ ಕೈಗೆ ಸಿಕ್ಕ ಮೊದಲ ದಿನವೇ ಎಲ್ಲ ಗೋಡೆ ತುಂಬಿಸಬೇಡಿ. ಒಂದು ಗೋಡೆ ಖಾಲಿ ಬಿಡಿ. ಅದಕ್ಕೆ ಏನು ಬೇಕು ಅಂತ ವರ್ಷದೊಳಗೆ ತಾನಾಗೇ ಗೊತ್ತಾಗುತ್ತೆ.

ಬಲ್ಬ್ ಬದಲಾಯಿಸಿ. ನಮ್ಮ ಫಾಲ್ಸ್ ಸೀಲಿಂಗಿನಲ್ಲಿ ಇದ್ದಿದ್ದು 6500 ಕೆಲ್ವಿನ್‌ನ ಬಿಳಿ ಬೆಳಕು. ಅದರಲ್ಲಿ ಕೆಮ್ಮಣ್ಣು ಸಪ್ಪೆಯಾಗಿ ಕಾಣ್ತಿತ್ತು. 2700 ಕೆಲ್ವಿನ್‌ನ ಹಳದಿ ಬೆಳಕು ಹಾಕಿದ ಕೂಡಲೇ ಗೋಡೆಗೆ ಜೀವ ಬಂತು. ಕೆಲವೇ ನೂರು ರೂಪಾಯಿಯ ಕೆಲಸ.

ಊರಿಂದ ಹಳೇ ವಸ್ತು ತರೋದಾದ್ರೆ, ಅದನ್ನ ಬಳಸಿದವರು ಇನ್ನೂ ಇರೋವಾಗಲೇ ಹೋಗಿ ತನ್ನಿ. ಅದರ ಕತೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅಜ್ಜಿಯ ಮುಳುಗಡೆ ಕತೆ ನನ್ನ ಹತ್ರ ಈಗ ನಲವತ್ತು ನಿಮಿಷ ಇದೆ. ಮತ್ತೆ, ಅದು ಅಲ್ಲಿ ಇನ್ನೂ ಬಳಕೆಯಲ್ಲಿದ್ದರೆ ತರಬೇಡಿ. ಅಲ್ಲೇ ಇರಲಿ.

ನಿಮ್ಮ ಮನೆಯಲ್ಲಿ ಬರೆಯೋರು ಇಲ್ಲದಿದ್ರೆ, ಸಾಗರದ ಕಡೆ ಚಿತ್ತಾರವನ್ನು ಬಟ್ಟೆ, ಹಲಗೆ ಮೇಲೆ ಬರೆದು ಕೊಡೋ ಕಲಾವಿದೆಯರಿದ್ದಾರೆ. ಅವರ ಹತ್ರ ಹೋಗಿ, ಚೌಕಾಸಿ ಮಾಡಬೇಡಿ. ಒಂದು ಎಳೆ ನೀವೇ ಎಳೆದು ನೋಡಿ, ಬೆಲೆ ಅರ್ಥ ಆಗುತ್ತೆ.

ಇನ್ನು ಬಾಲ್ಕನಿಗೆ ಕಟ್ಟಿದ್ದ ಭತ್ತದ ತೋರಣದ ಕತೆ. ವಾರದಲ್ಲಿ ಪಾರಿವಾಳ ಬಂದು ಒಂದು ಕಾಳೂ ಬಿಡದೆ ತಿಂದು ಹೋದವು. ಹುಲ್ಲು ಮಾತ್ರ ಉಳೀತು. ಬೇಜಾರಲ್ಲಿ ಅಜ್ಜಿಗೆ ಫೋನ್ ಮಾಡಿದೆ.

"ತಿಂದ್ವಾ? ಒಳ್ಳೇದಾತು ಬಿಡು. ಅಲ್ಲೂ ಹಕ್ಕಿ ಬತ್ತವಾ ಅಂತ ಯೋಚನೆ ಮಾಡ್ತಿದ್ದೆ" ಅಂದಳು.

ಈಗ ಪ್ರತಿ ಭಾನುವಾರ ಅಜ್ಜಿ ಫೋನ್ ಮಾಡ್ತಾಳೆ. ಮೊದಲೆಲ್ಲ "ಊಟ ಆಯ್ತಾ?" ಅಂತ ಕೇಳ್ತಿದ್ದವಳು ಈಗ ಮೊದಲು ಕೇಳೋದು "ಗೋಡೆ ಹೆಂಗದೆ?" ಅಂತ. ಹೋದ ವಾರ ತೇರಿನ ಕೆಳಗೆ ಸ್ವಲ್ಪ ಮಣ್ಣು ಉದುರಿದೆ ಅಂತ ಹೇಳಿದೆ.

"ಉದುರ್ಲಿ. ಮಣ್ಣು ಮಿಕ್ಕಿದ್ಯಲ್ಲ, ಸಾರಿಸಿ ಮತ್ತೆ ಬರಿ."

ಡಬ್ಬದಲ್ಲಿ ಕೆಮ್ಮಣ್ಣು ಇದೆ. ರಾತ್ರಿ ಅಕ್ಕಿ ನೆನೆಹಾಕಿದ್ದೀನಿ.